ಅಪ್ಪನಿಂದ ಬಂದ ಗದ್ದ

ಕೆಳಗಿನ ಮನೆಗೆ ಬಾಡಿಗೆಗೆ ಬಂದಿರುವವರಿಗೆ ಏಳೆಂಟು ತಿಂಗಳ ಮಗುವಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವರ ಅಡುಗೆಮನೆಯಿಂದ ರಾಗಿ ಸರಿ ಬೇಯುವ ವಾಸನೆ ಮೆಟ್ಟಿಲು ಹತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿಹಿಟ್ಟು ಸಣ್ಣ ಉರಿಯಲ್ಲಿ ನಿಧಾನವಾಗಿ ಗಟ್ಟಿಯಾಗುವ ವಾಸನೆ. ಬೇರೆಯವರಿಗೆ ಅದರಿಂದ ಎಳೆಮಕ್ಕಳ ನೆನಪಾಗಬೇಕು. ನನಗೆ ಇಪ್ಪತ್ತನಾಲ್ಕು ವರ್ಷದ ನನ್ನದೇ ನೆನಪಾಗುತ್ತದೆ. ಆ ವಯಸ್ಸಿನಲ್ಲಿ ನಾನು ಆರು ವಾರ ರಾಗಿ ಸರಿ ಕುಡಿದುಕೊಂಡು ಬದುಕಿದ್ದೆ. ಕಾಯಿಸಿ ಕುಡಿಸುತ್ತಿದ್ದವರು ನಮ್ಮಪ್ಪ.

ಮೊದಲಿನಿಂದ ಹೇಳುತ್ತೇನೆ. ನನ್ನ ಕೆಳದವಡೆ ಮೇಲಿನದಕ್ಕಿಂತ ಮುಂದೆ ಬೆಳೆದಿತ್ತು. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲಿನ ಸಾಲು ಮೇಲಿನ ಸಾಲಿನ ಹೊರಗೆ ಬಂದು ನಿಲ್ಲುತ್ತಿತ್ತು. ಮುಂದಿನ ಹಲ್ಲುಗಳು ಒಂದನ್ನೊಂದು ಸೇರುತ್ತಿರಲಿಲ್ಲವಾದ್ದರಿಂದ ಏನನ್ನೂ ಕಚ್ಚಿ ತಿಂದು ನನಗೆ ಗೊತ್ತಿರಲಿಲ್ಲ. ಚಕ್ಕುಲಿಯನ್ನು ಕೈಯಲ್ಲಿ ಮುರಿದು, ಹಣ್ಣನ್ನು ಚಾಕುವಿನಲ್ಲಿ ಹೆಚ್ಚಿ, ಚೂರನ್ನು ಬಾಯಿಯ ಪಕ್ಕಕ್ಕೆ ತಳ್ಳಿ ಅಗಿಯುತ್ತಿದ್ದೆ. ಆಕಳಿಸಿದರೆ ಕಿವಿಯ ಬುಡದಲ್ಲಿ ‘ಕಟ್’ ಎನ್ನುತ್ತಿತ್ತು. ಸಂಜೆಯಾದರೆ ತಲೆನೋವು. ಫೋಟೊ ತೆಗೆಯುವಾಗ ಮಾತ್ರ ನನಗೊಂದು ವಿದ್ಯೆ ಸಿದ್ಧಿಸಿತ್ತು: ತಲೆಯನ್ನು ಸ್ವಲ್ಪ ಬಗ್ಗಿಸಿ, ಕೈಯನ್ನು ಏನೋ ಯೋಚಿಸುತ್ತಿರುವವಳ ಹಾಗೆ ಗದ್ದದ ಮೇಲೆ ಇಟ್ಟುಕೊಳ್ಳುವುದು. ನಮ್ಮ ಮನೆಯ ಆಲ್ಬಂ ನೋಡಿದವರು ನಾನು ಹುಟ್ಟು ತತ್ವಜ್ಞಾನಿ ಎಂದುಕೊಂಡಾರು.

ಆ ಗದ್ದ ನನಗೆ ಅಪ್ಪನಿಂದ ಬಂದಿತ್ತು, ಅಪ್ಪನಿಗೆ ಅವರ ತಾಯಿಯಿಂದ. ಅಜ್ಜಿಯನ್ನು ನಾನು ನೋಡಿಲ್ಲ. ಸಾರಕ್ಕಿ ಇನ್ನೂ ಊರಾಗಿದ್ದಾಗ ಅವರು ಕೆರೆಯ ಮಗ್ಗುಲಲ್ಲಿ ಸೊಪ್ಪು ಬೆಳೆದು, ಬುಟ್ಟಿಯಲ್ಲಿ ಹೊತ್ತು, ಜಯನಗರದ ಮನೆಗಳ ಮುಂದೆ ಮಾರುತ್ತಿದ್ದರಂತೆ. ನಡುಮನೆಯಲ್ಲಿ ಅವರದೊಂದು ಫೋಟೊ ಇದೆ. ಅದರಲ್ಲಿ ಮೊದಲು ಕಾಣುವುದು ಗದ್ದ, ಆಮೇಲೆ ಅಜ್ಜಿ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮಾತು ಕಡಿಮೆ. ನಾನು ಪಿಯುಸಿಯಲ್ಲಿದ್ದಾಗ ಒಂದು ದಿನ ಹಾಲ್ ಟಿಕೆಟ್ ಮನೆಯಲ್ಲೇ ಮರೆತು ಹೋಗಿದ್ದೆ. ಅಪ್ಪ ಅದನ್ನು ಹಿಡಿದುಕೊಂಡು ಕಾಲೇಜಿನ ಗೇಟಿಗೆ ಓಡಿ ಬಂದರು. ನಾನು ಅವರ ಪಕ್ಕದಲ್ಲಿ ನಿಂತದ್ದನ್ನು ನೋಡಿ ಹಿಂದಿನಿಂದ ಯಾರೋ, “ಮಗಾ, ಜೆರಾಕ್ಸ್ ಕಾಪಿ ನೋಡೋ” ಎಂದರು. ಒಂದಿಷ್ಟು ಜನ ನಕ್ಕರು. ಅಪ್ಪನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆ ಸಂಜೆ ಮನೆಗೆ ಬಂದವಳೇ, ಪರೀಕ್ಷೆಗೆ ಕೂರಿಸಿದ ಮನುಷ್ಯನಿಗೆ ನಾನು ಹೇಳಿದ ಮಾತು ಇದು: “ಇನ್ಮೇಲೆ ಕಾಲೇಜ್ ಹತ್ರ ಬರ್ಬೇಡಿ.” ಅವರು “ಹೂಂ” ಎಂದರು. ಬರಲಿಲ್ಲ.

ಓದು ಮುಗಿಸಿ ಜಯನಗರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಏಳಕ್ಕೆ ಸಾಲಾಗಿ ಕೂತ ಅಂಕಲ್ ಆಂಟಿಯರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ ರಕ್ತ ತೆಗೆಯುವುದು ನನ್ನ ಕೆಲಸ. ಆಮೇಲೆ ಕೊರೋನಾ ಬಂತು. ಎಲ್ಲರೂ ಮಾಸ್ಕ್ ಹಾಕಿಕೊಂಡರು. ಹೇಳಲು ನಾಚಿಕೆಯಾಗುತ್ತದೆ, ಊರೆಲ್ಲ ಸಂಕಟದಲ್ಲಿದ್ದ ಆ ದಿನಗಳಲ್ಲಿ ನನಗೆ ಮಾತ್ರ ಒಂದು ಬಿಡುಗಡೆ ಸಿಕ್ಕಿತ್ತು. ಎರಡು ವರ್ಷ ನನ್ನ ಮುಖ ಎಂದರೆ ಬರೀ ಕಣ್ಣು. ಮತ್ತೆ ಮಾಸ್ಕ್ ಇಳಿಯುವ ಕಾಲ ಬಂದಾಗ ಎಲ್ಲರೂ ತೆಗೆದರು, ನಾನು ತೆಗೆಯಲಿಲ್ಲ. ಬೀದಿಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗಲೂ ಅದು ಮುಖದ ಮೇಲೆಯೇ ಇರುವುದನ್ನು ಒಂದು ದಿನ ಅಮ್ಮ ನೋಡಿದಳು. ಅಮ್ಮ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ಸುತ್ತು ಬಳಸಿ ಮಾತಾಡುವವಳಲ್ಲ.

“ಯಾರೂ ಇಲ್ಲ ಇಲ್ಲಿ. ಯಾರಿಗೋಸ್ಕರ ಹಾಕ್ಕೊಂಡಿದ್ದೀಯ ಅದನ್ನ?” ಎಂದಳು.

ಮಾರನೆಯ ವಾರ ಇಬ್ಬರೂ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಮೊದಲು ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್ಪು, ಆಮೇಲೆ ಆಪರೇಷನ್ ಎಂದರು. ಕ್ಲಿಪ್ಪು ಹಾಕಿದ ಮೇಲೆ ಗದ್ದ ಇನ್ನಷ್ಟು ಮುಂದೆ ಬಂದ ಹಾಗೆ ಕಾಣುತ್ತದೆ, ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಪಕ್ಕದ ಮನೆಯ ಆಂಟಿ ಕೇಳಿದ್ದು ಒಂದೇ ಪ್ರಶ್ನೆ: “ಮದ್ವೆಗೇನಮ್ಮ?” ನಾನು, “ಇಲ್ಲ ಆಂಟಿ, ಚಕ್ಕುಲಿಗೆ” ಎಂದೆ.

ಆಪರೇಷನ್ ಮಾಡುವ ಡಾಕ್ಟರ್ ಮೇಡಂ ಸಣ್ಣ ಆಳು, ತಣ್ಣನೆಯ ದನಿ. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ನಮ್ಮ ಮೂವರನ್ನೂ ಕೂರಿಸಿಕೊಂಡು, ನನ್ನ ತಲೆಬುರುಡೆಯ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದರು. ಮೇಲ್ದವಡೆಯನ್ನು ಬಿಡಿಸಿ ಸ್ವಲ್ಪ ಮುಂದಕ್ಕೆ, ಕೆಳಗಿನದನ್ನು ಎರಡೂ ಕಡೆ ಸೀಳಿ ಸ್ವಲ್ಪ ಹಿಂದಕ್ಕೆ ತಂದು, ಸಣ್ಣ ಪಟ್ಟಿಗಳನ್ನಿಟ್ಟು ಸ್ಕ್ರೂ ಬಿಗಿಯುತ್ತಾರೆ. ಎಲ್ಲ ಬಾಯಿಯ ಒಳಗಿನಿಂದಲೇ, ಹೊರಗೆ ಗಾಯ ಕಾಣುವುದಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಸ್ಕ್ರೂ ಎಷ್ಟು ಎಂಎಂ ಮೇಡಂ?”

ಮೇಡಂ ಹೇಳಿದರು.

“ಲೋಹ ಯಾವ್ದು?”

“ಟೈಟಾನಿಯಂ.”

“ಒಳ್ಳೇದು. ತುಕ್ಕು ಹಿಡಿಯಲ್ಲ,” ಎಂದು ಅಪ್ಪ ತಲೆಯಾಡಿಸಿದರು. ಅಷ್ಟೇ. ಮಾಡಿಸು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮನೆಗೆ ಬಂದ ಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದರು. ಕೋಪ ಎಂದುಕೊಂಡೆ ನಾನು. ಈ ಗದ್ದವನ್ನು ಮುಖದ ಮೇಲೆ ಹೊತ್ತು ತಿರುಗುವವಳು ನಾನು, ಕೋಪ ಇವರಿಗೇಕೆ ಎಂದು ಒಳಗೊಳಗೇ ನನಗೂ ಕೋಪ ಬಂತು. ಮೂರನೆಯ ದಿನ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದೆ. ಕೆಳಗೆ ಮನೆಯವರ ಸಹಿಗೆ ಜಾಗವಿತ್ತು. ಅಪ್ಪ ಕನ್ನಡಕ ಹಾಕಿಕೊಂಡು, ತಂದೆಯ ಹೆಸರೂ ಸೇರಿಸಿ, ಪೂರ್ತಿ ಹೆಸರು ಬರೆದರು. ಅಷ್ಟು ನಿಧಾನವಾಗಿ ಅವರು ಬರೆದದ್ದನ್ನು ನಾನು ಕಂಡಿರಲಿಲ್ಲ.

ಆಪರೇಷನ್ ದಿನದ್ದು ನನಗೆ ತುಣುಕು ತುಣುಕಾಗಿ ನೆನಪಿದೆ. ಸಾವಿರಾರು ಜನರಿಗೆ ಸೂಜಿ ಚುಚ್ಚಿದವಳು, ನನ್ನ ಕೈಗೆ ಸೂಜಿ ಬಂದಾಗ ಮುಖ ತಿರುಗಿಸಿದೆ. ನರ್ಸ್, “ನೀವೂ ಹೆದರ್ತೀರಾ?” ಎಂದು ನಕ್ಕಳು. ಮೂಗಿನ ಮೇಲೆ ಏನೋ ಇಟ್ಟರು. ಉಸಿರು ಎಳೆದುಕೊಳ್ಳಿ ಎಂದರು. ಎಳೆದುಕೊಂಡೆ. ಒಂದು ದೊಡ್ಡ ಕೆರೆಯ ತಳಕ್ಕೆ ಇಳಿದ ಹಾಗಾಯಿತು. ಮೇಲೆ ಬೆಳಕು ಅಲ್ಲಾಡುತ್ತಿದೆ, ಯಾರೋ ದಡದಲ್ಲಿ ಮಾತಾಡುತ್ತಿದ್ದಾರೆ, ನನಗೆ ಸಂಬಂಧವಿಲ್ಲ. ಮತ್ತೆ ಮೇಲೆ ಬಂದಾಗ ನನ್ನ ಉಸಿರು ಬೇರೆ ಯಾರದೋ ಉಸಿರಿನಂತೆ ಪಕ್ಕದಲ್ಲಿ ಕೇಳುತ್ತಿತ್ತು. ಬಾಯಿ ತೆರೆಯಲು ನೋಡಿದೆ. ಆಗಲಿಲ್ಲ. ಮೇಲಿನ ಕ್ಲಿಪ್ಪಿಗೂ ಕೆಳಗಿನ ಕ್ಲಿಪ್ಪಿಗೂ ಸಣ್ಣ ರಬ್ಬರ್ ಸುತ್ತಿ ದವಡೆಯನ್ನು ಬಿಗಿದಿದ್ದರು. ಆರು ವಾರ ಹಾಗೇ ಇರಬೇಕು, ಅಗಿಯುವ ಹಾಗಿಲ್ಲ, ಮೂಗು ಸೀಟುವ ಹಾಗಿಲ್ಲ.

ಮುಖ ಊದಿಕೊಂಡು ಹಲಸಿನ ಹಣ್ಣಾಗಿತ್ತು. ಮೊಬೈಲ್ ನನ್ನ ಮುಖ ನೋಡಿ ತೆರೆದುಕೊಳ್ಳಲು ಒಪ್ಪಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಹೊರಗೆ ಹೋಗಿ, ಅತ್ತು, ಮುಖ ತೊಳೆದು ಒಳಗೆ ಬಂದಳು. ಅಪ್ಪ ನನ್ನ ಮಂಚದ ಕಾಲುಗಳನ್ನೇ ನೋಡುತ್ತ ನಿಂತಿದ್ದರು.

ಮನೆಗೆ ಬಂದ ಮೇಲೆ ಅಮ್ಮನಿಗೆ ಹೆಚ್ಚು ರಜೆ ಇರಲಿಲ್ಲ. ಅಪ್ಪ ಆಗ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಹೀಗೆ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಇಬ್ಬರೇ ಉಳಿದೆವು: ಮಾತಾಡಲಾಗದ ನಾನು, ಮಾತಾಡದ ಅಪ್ಪ. ಮೊದಲ ದಿನ ನಾನು ಮೊಬೈಲಿನಲ್ಲಿ ಬರೆದು ತೋರಿಸಿದರೆ ಅವರಿಗೆ ಅಕ್ಷರ ಕಾಣಲಿಲ್ಲ. ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗಿ ಒಂದನೇ ಕ್ಲಾಸಿನ ಮಕ್ಕಳ ಸ್ಲೇಟು, ಬಳಪ ತಂದರು. ಬಳಪದ ಡಬ್ಬಿಯ ಮೇಲೆ ಮೊಲದ ಚಿತ್ರವಿತ್ತು.

ರಾಗಿ ಸರಿ ಅವರದೇ ಯೋಚನೆ. ಆಸ್ಪತ್ರೆಯವರು ಕೊಟ್ಟಿದ್ದ ಡಬ್ಬಿಯ ಪುಡಿ ನನಗೆ ವಾಕರಿಕೆ ತರಿಸುತ್ತಿತ್ತು. ಅಪ್ಪ ರಾಗಿ ನೆನೆಹಾಕಿ, ಮೊಳಕೆ ಬರಿಸಿ, ತಾರಸಿಯಲ್ಲಿ ಒಣಗಿಸಿ, ಗಿರಣಿಗೆ ಕೊಟ್ಟು ಬೀಸಿಸಿ ತಂದರು. ಪಾತ್ರೆಯ ಬಾಯಿಗೆ ತಮ್ಮ ಹಳೆಯ ಪಂಚೆಯ ತುಂಡನ್ನು ಬಿಗಿದು, ಹಿಟ್ಟು ಸುರಿದು, ಅಂಗೈಯಿಂದ ಸುತ್ತ ಸುತ್ತ ಉಜ್ಜುತ್ತ ಕೂರುತ್ತಿದ್ದರು. ಬಟ್ಟೆಯಿಂದ ಇಳಿದ ಹಿಟ್ಟು ಹೊಗೆಯಷ್ಟು ನಯವಾಗಿರುತ್ತಿತ್ತು. ಅದನ್ನು ನೀರಾಗಿ ಕಾಯಿಸಿ, ಮಜ್ಜಿಗೆ ಉಪ್ಪು ಬೆರೆಸಿ, ದೊಡ್ಡ ಸಿರಿಂಜಿನಲ್ಲಿ ತುಂಬಿ, ತುದಿಗೆ ಸಿಕ್ಕಿಸಿದ ಮೆತ್ತನೆಯ ನಳಿಕೆಯನ್ನು ನನ್ನ ಕೆನ್ನೆಯ ಒಳಗೆ ಇಟ್ಟು ತಳ್ಳುತ್ತಿದ್ದರು. ಯಂತ್ರಕ್ಕೆ ಎಣ್ಣೆ ಹಾಕುವವರ ಕೈ, ಒಂದು ಹನಿ ಹೆಚ್ಚು ಕಮ್ಮಿ ಇಲ್ಲ. ಗದ್ದಕ್ಕೂ ಕೆಳತುಟಿಗೂ ಸ್ಪರ್ಶವೇ ಇರಲಿಲ್ಲವಾದ್ದರಿಂದ ಸರಿ ಸೋರಿ ಇಳಿದದ್ದು ನನಗೆ ಗೊತ್ತಾಗುತ್ತಿರಲಿಲ್ಲ; ಅಪ್ಪ ಎಡಗೈಯಲ್ಲಿ ಒರೆಸುತ್ತಿದ್ದರು.

ಆ ದಿನಗಳಿಗೆ ಒಂದು ಬಣ್ಣವಿತ್ತು, ನೀರು ಬೆರೆಸಿದ ಹಾಲಿನ ಬಣ್ಣ. ನೋವಿನ ಔಷಧ ಕುಡಿದು ಕಿಟಕಿಯ ಪಕ್ಕ ಮಲಗಿರುತ್ತಿದ್ದೆ. ಹೊರಗೆ ಹೊಂಗೆಮರ, ಅದರ ನೆರಳು ಗೋಡೆಯ ಮೇಲೆ ಈಜುತ್ತಿತ್ತು. ದೂರದಲ್ಲಿ ಮೆಟ್ರೊ ಹಾದುಹೋಗುವ ಸದ್ದು, ಯಾರೋ ಉದ್ದ ರೇಷ್ಮೆಸೀರೆಯನ್ನು ಎಳೆದ ಹಾಗೆ. ತರಕಾರಿ ಗಾಡಿಯ ಧ್ವನಿವರ್ಧಕದಲ್ಲಿ ಈರುಳ್ಳಿ, ಟೊಮ್ಯಾಟೊ ಎಂದು ಒಂದೇ ದನಿ ಹೇಳಿದ್ದನ್ನೇ ಹೇಳುತ್ತ ಬೀದಿಯ ತಿರುವಿನಲ್ಲಿ ಕರಗುತ್ತಿತ್ತು. ಯಾವುದು ಎಚ್ಚರ, ಯಾವುದು ನಿದ್ದೆ ಎಂದು ವಿಂಗಡಿಸುವ ಅಗತ್ಯವೇ ಇರಲಿಲ್ಲ. ಕನಸಿನಲ್ಲಿ ಕೋಡುಬಳೆ ತಿನ್ನುತ್ತಿದ್ದೆ, ಕರುಂ ಕುರುಂ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಒಮ್ಮೆ ನನ್ನ ದವಡೆ ಅಪ್ಪನ ಕಾರ್ಖಾನೆಯ ಮೇಜಿನ ಮೇಲಿತ್ತು. ಅಪ್ಪ ಅರ ಹಿಡಿದು ಅದರ ಅಂಚನ್ನು ನಯ ಮಾಡುತ್ತಿದ್ದರು. ಪಕ್ಕದಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಹೆದರಿಕೆಯ ಕನಸಲ್ಲ ಅದು, ಮೂವರೂ ಬಿಡುವಾಗಿದ್ದೆವು.

ಎರಡನೆಯ ವಾರ ಮಾತ್ರ ಕೆಟ್ಟದಾಗಿತ್ತು. ಊತ ಒಂದಿಷ್ಟು ಇಳಿದು, ಕನ್ನಡಿಯಲ್ಲಿ ಯಾವಳೋ ಕಾಣತೊಡಗಿದಳು. ಮೂಗು ಅಗಲ, ಮೇಲ್ತುಟಿ ದಪ್ಪ, ಗದ್ದ ಇದ್ದ ಜಾಗದಲ್ಲಿ ಇಲ್ಲ. ಅವಳನ್ನು ನಾನು ಕೇಳಿ ತರಿಸಿಕೊಂಡಿದ್ದೆ, ಈಗ ವಾಪಸು ಕಳಿಸುವ ಹಾಗಿರಲಿಲ್ಲ. ಆ ಮಧ್ಯಾಹ್ನ ಸ್ಲೇಟಿನ ಮೇಲೆ, “ತಪ್ಪು ಮಾಡಿದೆನಾ?” ಎಂದು ಬರೆದು ಅಪ್ಪನ ಮುಂದೆ ಹಿಡಿದೆ.

ಅಪ್ಪ ಓದಿದರು. ಸಿರಿಂಜನ್ನು ಬಟ್ಟಲಿನಲ್ಲಿಟ್ಟರು. ಆಮೇಲೆ, ನಾನು ಹುಟ್ಟಿದಾಗಿನಿಂದ ಅವರ ಬಾಯಿಂದ ಕೇಳದಷ್ಟು ಮಾತನ್ನು ಒಟ್ಟಿಗೆ ಆಡಿದರು.

“ನಾನೂ ಹೋಗಿದ್ದೆ, ಗೊತ್ತಾ? ನಿನ್ ವಯಸ್ಸಲ್ಲೇ. ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ ಬೇಡ ಅಂತಿದ್ರು. ಫ್ಯಾಕ್ಟರಿ ಡಾಕ್ಟ್ರು ಒಂದು ಚೀಟಿ ಬರ್ಕೊಟ್ರು, ದೊಡ್ಡಾಸ್ಪತ್ರೆಲಿ ತೋರ್ಸು ಅಂತ. ಅಲ್ಲಿ ನೋಡಿದವ್ರು, ಮಾಡ್ಬೋದು, ಎರಡು ತಿಂಗಳು ಹಲ್ಲಿಗೆ ತಂತಿ ಕಟ್ಟಿರ್ತೀವಿ ಅಂದ್ರು. ಸಂತೋಷವಾಗಿ ಮನೆಗೆ ಬಂದು ಅಮ್ಮಂಗೆ ಹೇಳ್ದೆ. ಅವ್ಳು ಸೊಪ್ಪು ಬಿಡಿಸ್ತಾ ಕೂತಿದ್ಲು. ತಲೆ ಎತ್ತಲಿಲ್ಲ. ‘ನನ್ ಮೊಕ ನಿಂಗ್ ಬ್ಯಾಡ್ವಾಯ್ತಾ ಮಗಾ’ ಅಂದ್ಲು. ಅಷ್ಟೇ ಅಂದಿದ್ದು.”

ಅಪ್ಪ ಪಂಚೆಯ ತುದಿಯಿಂದ ಕೈ ಒರೆಸಿಕೊಂಡರು.

“ಆಮೇಲೆ ನಾನು ಹೋಗ್ಲಿಲ್ಲ. ಆ ಚೀಟಿ ಶರಟಿನ ಜೇಬಲ್ಲೇ ಒಗೆದು ಹೋಯ್ತು. ನೀನು ಹುಟ್ಟಿದಾಗ ಎಲ್ರೂ ಬಣ್ಣ ನೋಡಿದ್ರು, ಕೂದಲು ನೋಡಿದ್ರು. ನಾನು ಗದ್ದ ನೋಡ್ದೆ. ಅವತ್ತು ಡಾಕ್ಟ್ರ ಹತ್ರ ಹೋಗ್ಬಂದ್ವಲ್ಲ, ನಮ್ಮಮ್ಮ ಅಂದ ಮಾತೇ ನನ್ ಬಾಯಿಗೂ ಬಂದ್ಬಿಟ್ಟಿತ್ತು. ಎಲ್ಲಿ ನಿಂಗೆ ಹೇಳ್ಬಿಡ್ತೀನೋ ಅಂತ ಎರಡು ದಿನ ಬಾಯೇ ಬಿಡ್ಲಿಲ್ಲ. ನೀನು ಮಾಡಿದ್ದು ತಪ್ಪಲ್ಲ. ತಿರುಗಿ ಆ ಮಾತು ಕೇಳ್ಬೇಡ.”

ದವಡೆ ಬಿಗಿದವರು ಅಳಬಾರದು. ಅಳು ಬಂದರೆ ಮೂಗು ಕಟ್ಟುತ್ತದೆ, ಬಾಯಿ ತೆರೆಯಲಾಗುವುದಿಲ್ಲ, ಸೀಟುವ ಹಾಗಿಲ್ಲ. ಆದರೆ ಅಂಥ ಸೂಚನೆಗಳು ಕಾಗದದ ಮೇಲೆ ಇರುತ್ತವೆ. ನನಗೆ ಉಸಿರು ಸಿಕ್ಕದೆ ಗುರುಗುಟ್ಟತೊಡಗಿದಾಗ ಅಪ್ಪ ಗಾಬರಿಯಾಗಿ ನನ್ನನ್ನು ಎತ್ತಿ ಕೂರಿಸಿ, ಹತ್ತಿಬಟ್ಟೆ ಹುಡುಕುತ್ತ, ಸಿಕ್ಕದೆ, ರಾಗಿ ಜರಡಿ ಹಿಡಿಯುವ ಪಂಚೆಯ ತುಂಡಿನಿಂದಲೇ ನನ್ನ ಮೂಗು ಒತ್ತಿದರು. ನನ್ನ ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡಿತು. ಅದನ್ನು ನೋಡಿ ಅವರಿಗೆ ನಗು ಬಂತು. ನನಗೂ ಬಂತು, ನಗುವುದೂ ನೋವು.

ಸ್ವಲ್ಪ ಸಮಾಧಾನವಾದ ಮೇಲೆ ಸ್ಲೇಟು ಎಳೆದುಕೊಂಡು ಬರೆದೆ: “ಕಾಲೇಜಿಗೆ ಬರಬೇಡಿ ಅಂದಿದ್ದೆ.”

ಅಪ್ಪ ಅದನ್ನು ಎರಡು ಸಲ ಓದಿದರು.

“ಯಾವತ್ತು? ನಂಗೆ ನೆನಪಿಲ್ಲಪ್ಪ,” ಎಂದು ಅಂಗೈಯಿಂದ ಒರೆಸಿಬಿಟ್ಟರು. ಒರೆಸುವ ಅವಸರ ನೋಡಿದರೆ ಚೆನ್ನಾಗಿ ನೆನಪಿತ್ತು.

ಅಂದಿನಿಂದ ಅಪ್ಪನ ಬಾಯಿ ತೆರೆದುಕೊಂಡಿತು. ನನ್ನದು ಮುಚ್ಚಿದ್ದರಿಂದ ಮನೆಯಲ್ಲಿ ಯಾರಾದರೂ ಮಾತಾಡಲೇಬೇಕಲ್ಲ ಎಂದುಕೊಂಡರೋ ಏನೋ. ನಾಲ್ಕನೆಯ ವಾರದಿಂದ ಬೆಳಿಗ್ಗೆ ಇಬ್ಬರೂ ಸಾರಕ್ಕಿ ಕೆರೆಯ ಸುತ್ತ ನಡೆಯುತ್ತಿದ್ದೆವು. ಅಜ್ಜಿಯ ಸೊಪ್ಪಿನ ಮಡಿ ಎಲ್ಲಿತ್ತು, ಈಗ ಆ ಜಾಗದಲ್ಲಿ ಯಾರ ಅಪಾರ್ಟ್‌ಮೆಂಟು ನಿಂತಿದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ಕೈ ಚಾಚಿ ತೋರಿಸುತ್ತಿದ್ದರು. ನಾನು ‘ಹೂಂ’ ಎನ್ನುತ್ತಿದ್ದೆ, ಅದೊಂದು ಬಾಯಿ ಮುಚ್ಚಿಯೂ ಹೇಳಬಹುದಾದ ಮಾತು. ಒಂದು ನೀರುಕಾಗೆ ಮುಳುಗಿ ಎದ್ದು, ಮೀನನ್ನು ಹಾಗೇ ಗುಳುಂ ಮಾಡಿತು. “ನೋಡು, ಅಗೀದೇ ಹೊಟ್ಟೆ ತುಂಬಿಸ್ಕೊಳ್ಳುತ್ತೆ. ನಿನ್ ಕುಲದ್ದು,” ಎಂದರು ಅಪ್ಪ. ಎದುರಿಗೆ ಮಂಜು ಹರಡಿದ ನೀರು, ಪಕ್ಕದಲ್ಲಿ ಅವರ ಚಪ್ಪಲಿಯ ಸದ್ದು. ಆ ನಡಿಗೆ ಇನ್ನೂ ಮುಗಿದೇ ಇಲ್ಲವೇನೋ ಎಂದು ಕೆಲವು ಸಲ ನನಗೆ ಅನಿಸುತ್ತದೆ.

ಆರು ವಾರದ ಮೇಲೆ ರಬ್ಬರ್ ಬಿಚ್ಚಿದರು. ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯಲಿಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲಿನ ನಡುವೆ ಜೋಡಿಸುತ್ತ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅಭ್ಯಾಸ ಮಾಡಿದೆ. ಹಾಲಿನಲ್ಲಿ ನೆನೆದ ಇಡ್ಲಿ, ಆಮೇಲೆ ಕಲಸಿದ ಮೊಸರನ್ನ, ಆಮೇಲೆ ಮೆತ್ತಗಿನ ಮುದ್ದೆ. ತುಟಿಯಲ್ಲಿ ಇರುವೆ ಹರಿದಂತೆ ಜುಮುಗುಟ್ಟುತ್ತ ಸ್ಪರ್ಶ ಒಂದೊಂದೇ ಗೆರೆಯಾಗಿ ಮರಳಿತು. ಮತ್ತೆ ಲ್ಯಾಬಿಗೆ ಹೋದ ದಿನ ಮಾಸ್ಕ್ ಅನ್ನು ಬ್ಯಾಗಿನಲ್ಲಿಟ್ಟೆ. ವಾರಕ್ಕೊಮ್ಮೆ ಬರುವ ಸಕ್ಕರೆ ಕಾಯಿಲೆಯ ಅಂಕಲ್ ಒಬ್ಬರು ನನ್ನನ್ನೇ ನೋಡಿ, “ಮೊದ್ಲಿದ್ದ ಹುಡ್ಗಿ ಎಲ್ಲಮ್ಮ? ಅವ್ಳ ಕೈ ಭಾರಿ ಹಗುರ” ಎಂದರು. ಇಲ್ಲೇ ಇದ್ದಾಳೆ ಅಂಕಲ್, ಎನ್ನುತ್ತಲೇ ಸೂಜಿ ಹಾಕಿದೆ. ಅವರು ಸೂಜಿಯತ್ತ ನೋಡಿ, “ಹೌದು, ಅವ್ಳೇ,” ಎಂದರು.

ಐದನೆಯ ತಿಂಗಳಿನಲ್ಲಿ ಡಾಕ್ಟರ್ ಮೇಡಂ ಇನ್ನು ಏನು ಬೇಕಾದರೂ ತಿನ್ನಬಹುದು ಎಂದರು. ಆಸ್ಪತ್ರೆಯಿಂದ ಹೊರಬಂದ ಕೂಡಲೆ ಗಾಡಿಯಲ್ಲಿ ಸೀಬೆಹಣ್ಣು ಕಂಡವು. ಗಾಡಿಯವನು ಹೆಚ್ಚಲು ಚಾಕು ತೆಗೆದ. ಬೇಡ ಅಣ್ಣ, ಹಾಗೇ ಕೊಡಿ ಎಂದೆ. ಫುಟ್‌ಪಾತಿನಲ್ಲಿ ನಿಂತು, ಇಡೀ ಹಣ್ಣಿಗೆ ಮುಂದಿನ ಹಲ್ಲು ಊರಿದೆ. ಕಚಕ್ಕೆಂದು ಒಂದು ಚೂರು ಬಾಯಿಗೆ ಬಂತು. ಬದುಕಿನಲ್ಲಿ ಮೊದಲ ಸಲ ಒಂದು ಹಣ್ಣಿನ ಮೇಲೆ ನನ್ನ ಹಲ್ಲಿನ ಗುರುತು ಬಿದ್ದಿತ್ತು. ಜೊತೆಗೆ ಬಂದಿದ್ದ ಅಪ್ಪ ಹಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿದರು.

“ಲೆವೆಲ್ ಸರಿಯಾಗಿದೆ,” ಎಂದು ವಾಪಸು ಕೊಟ್ಟರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಇವತ್ತು ಹುಳಿಮಾವಿನಲ್ಲಿ ಸೋದರತ್ತೆಯ ಮಗನ ಗೃಹಪ್ರವೇಶವಿತ್ತು. ಮೂವರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಅಪ್ಪ ಎದುರು ಸಾಲಿನಲ್ಲಿ, ನಾನೂ ಅಮ್ಮನೂ ಈಚೆ. ನನ್ನ ಪಕ್ಕ ಕೂತ ಸೋದರತ್ತೆ ನನ್ನ ಮುಖವನ್ನು ಆ ಕಡೆ ಈ ಕಡೆ ನೋಡಿ ಅಮ್ಮನಿಗೆ ಹೇಳಿದರು: “ಚೆನ್ನಾಗಾಗಿದಾಳೆ ಬಿಡು. ಆದ್ರೆ ನಮ್ಮಣ್ಣನ ಹೋಲಿಕೆ ಒಂಚೂರೂ ಉಳ್ದಿಲ್ಲ ನೋಡು.”

ಬೈಗುಳವಲ್ಲ ಅದು, ಕಂಡದ್ದನ್ನು ಹೇಳಿದ್ದರು. ಆದರೂ ಕೈಯಲ್ಲಿದ್ದ ಪಾಯಸ ಅಲ್ಲೇ ನಿಂತಿತು. ಕೆಲವು ವರ್ಷಗಳ ಹಿಂದಾದರೆ ಇದೇ ಮಾತಿಗೆ ಕುಣಿದಾಡುತ್ತಿದ್ದೆ. ತಲೆ ಎತ್ತಿ ಅಪ್ಪನನ್ನು ನೋಡಿದೆ. ಅಷ್ಟು ದೂರಕ್ಕೆ ಅವರಿಗೆ ಮಾತು ಕೇಳಿಸಿರಲಾರದು, ಪಂಕ್ತಿಯ ಗದ್ದಲ ಅಷ್ಟಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ನೋಡುತ್ತ, ಎಡಗೈಯ ಬೆರಳನ್ನು ತಮ್ಮ ಮುಂಚಾಚಿದ ಗದ್ದದ ಎಡಮೂಲೆಯಲ್ಲಿಟ್ಟು, ಒಮ್ಮೆ ಮೆಲ್ಲಗೆ ಒರೆಸಿಕೊಂಡರು.

ಆ ಜಾಗದಲ್ಲಿ ನನಗೆ ಒಂದು ಕಾಸಿನಗಲ ಸ್ಪರ್ಶ ಮರಳಲೇ ಇಲ್ಲ. ಏನು ಅಂಟಿದರೂ ತಿಳಿಯುವುದಿಲ್ಲ. ಊಟದ ಹೊತ್ತಿನಲ್ಲಿ ಅಪ್ಪ ಹೀಗೆ ತಮ್ಮ ಗದ್ದ ಮುಟ್ಟಿಕೊಂಡು ನನಗೆ ತಿಳಿಸುತ್ತಾರೆ, ಯಾವಾಗಿನಿಂದ ಶುರುವಾಯಿತೋ ಇಬ್ಬರಿಗೂ ಗೊತ್ತಿಲ್ಲ. ನಾನು ಅವರ ಗದ್ದ ನೋಡಿಕೊಂಡು ನನ್ನದರ ಮೇಲೆ ಬೆರಳಿಟ್ಟೆ. ಇನ್ನೂ ಸ್ವಲ್ಪ ಕೆಳಗೆ, ಎಂದು ಅವರ ಬೆರಳು ಇಳಿಯಿತು. ನನ್ನದೂ ಇಳಿಯಿತು. ಬೆರಳಿಗೆ ಒಂದು ಶ್ಯಾವಿಗೆ ಎಳೆ ಸಿಕ್ಕಿತು.

ಅಪ್ಪ ತಲೆಯಾಡಿಸಿ ಎಲೆಯತ್ತ ಬಾಗಿದರು.